ಎಳೆ ಕಡಿದರೆ ಮಗ್ಗಕ್ಕೆ ತಿಳಿಯಬೇಕು

ಕೊಯಮತ್ತೂರಿನಿಂದ ಕರೂರು, ತಿರುಚ್ಚಿಗಳ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಪಲ್ಲಡಂ ಹೆಸರಾಂತ ಊರು. ಮೊದಲು ಕೊಯಮತ್ತೂರು ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿದ್ದು, 2009ರಲ್ಲಿ ಹೊಸದಾಗಿ ರಚಿತವಾದ ತಿರುಪ್ಪೂರು ಜಿಲ್ಲೆಗೆ ಸೇರಿತು. ತಮಿಳುನಾಡಿನ ಬ್ರಾಯ್ಲರ್ ಕೋಳಿಯ ದರ ದಿನವೂ ಇಲ್ಲಿಂದಲೇ ಹೊರಡುತ್ತದೆ. ಪಾಲಕ್ಕಾಡಿನ ಕಣಿವೆಯಿಂದ ಮುಂಗಾರಿನ ತಿಂಗಳುಗಳಲ್ಲಿ ನುಗ್ಗಿಬರುವ ಗಾಳಿಗೆ ಸುತ್ತಲಿನ ಬಯಲುಗಳಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಆದರೆ ಈ ಸೀಮೆಯ ನಿಜವಾದ ಉಸಿರು ಮಗ್ಗದ್ದು. ಪಲ್ಲಡಂ, ಸೋಮನೂರು, ಮಂಗಲಂ, ಅವಿನಾಶಿಗಳ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಕೇಳಿಸದಿದ್ದರೆ ಜನ ಮನೆಯಿಂದ ಹೊರಗೆ ಬಂದು ಏನಾಯಿತೆಂದು ವಿಚಾರಿಸುತ್ತಾರೆ.

ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಬಂದು ಕೊಯಮತ್ತೂರು ಸೀಮೆಯಲ್ಲಿ ನೆಲಸಿದ ದೇವಾಂಗ ನೇಕಾರರ ಮನೆಗಳಲ್ಲಿ ಮಾತು ಕನ್ನಡ, ವ್ಯವಹಾರ ತಮಿಳು. ಈಚಿನ ವರ್ಷಗಳಲ್ಲಿ ಮೂರನೆಯದೊಂದು ಸೇರಿಕೊಂಡಿದೆ: ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ, ಅದೂ ಗಣಕಯಂತ್ರದೊಳಗೆ. ಅಜ್ಜನ ಕಾಲದ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ ಅಟ್ಟ ಸೇರಿತು. ಯಾವ ವ್ಯಾಪಾರಿ ಯಾವ ದಿನ ಎಷ್ಟು ನೂಲು ಕೊಟ್ಟ, ಎಷ್ಟು ಮೀಟರು ಬಟ್ಟೆ ಹಿಂದಿರುಗಿತು, ಕೂಲಿ ಎಷ್ಟು ಬಂತು, ಎಷ್ಟು ಬಾಕಿ ನಿಂತಿತು ಎಂಬುದೆಲ್ಲ ಈಗ ಅಂಗೈ ಅಗಲದ ಒಂದು ಡಿಸ್ಕಿನಲ್ಲಿದೆ.

ಈ ಲೆಕ್ಕ ಕಳೆದುಹೋದರೆ ಆಗುವ ನಷ್ಟವೇನೆಂಬುದನ್ನು ಮಗ್ಗದವರಿಗೆ ವಿವರಿಸಬೇಕಾಗಿಲ್ಲ. 2022ರ ಆರಂಭದಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೂಲಿ ಮಗ್ಗದವರು ಕೂಲಿದರದ ವಿವಾದದಲ್ಲಿ ವಾರಗಟ್ಟಲೆ ಮಗ್ಗ ನಿಲ್ಲಿಸಿದ್ದುದು ನೆನಪಿರಬಹುದು. ಅಂಥ ಸಮಯದಲ್ಲಿ, ಹಿಂದೆ ಯಾವ ದರದಲ್ಲಿ ಎಷ್ಟು ನೇಯ್ದು ಕೊಟ್ಟೆವೆಂದು ತೋರಿಸಲು ಬಡವನ ಕೈಯಲ್ಲಿರುವ ಸಾಕ್ಷ್ಯ ತನ್ನ ಲೆಕ್ಕವೊಂದೇ. ಮೇಲಾಗಿ 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಕಾನೂನು, ನೋಂದಾಯಿತ ವ್ಯಾಪಾರಿ ಆಯಾ ವರ್ಷದ ವಾರ್ಷಿಕ ವಿವರಣೆಯನ್ನು ಸಲ್ಲಿಸಬೇಕಾದ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕೆನ್ನುತ್ತದೆ. ಆರು ವರ್ಷ ಒಂದೇ ಡಿಸ್ಕು ಉಳಿಯುತ್ತದೆಂದು ನಂಬುವುದು ಆರು ವರ್ಷ ಒಂದೇ ಎಳೆ ಕಡಿಯದೆಂದು ನಂಬಿದಂತೆ.

ಆದುದರಿಂದ ಲೆಕ್ಕದ ಇನ್ನೊಂದು ಪ್ರತಿಯನ್ನು, ಬ್ಯಾಕಪ್ ಎಂದು ಎಲ್ಲರೂ ಕರೆಯುವ ನಕಲನ್ನು, ಊರಿನಿಂದ ದೂರದಲ್ಲಿ ಇಡುವ ಪದ್ಧತಿ ಬಂದಿದೆ. ಅದು ಬಾಡಿಗೆಗೆ ಸಿಗುವ ದೂರದ ಯಂತ್ರಾಗಾರವಾಗಬಹುದು, ಕೊಯಮತ್ತೂರಿನ ಲೆಕ್ಕಿಗರ ಕಚೇರಿಯಾಗಬಹುದು. ಮಗ್ಗದ ಮನೆಯ ಗಣಕದಲ್ಲಿ ಕುಳಿತು ಕಳುಹಿಸುವ ತಂತ್ರಾಂಶಕ್ಕೆ ಕ್ಲೈಂಟ್ ಎಂದೂ ಅತ್ತ ಪಡೆದಿಡುವುದಕ್ಕೆ ಸರ್ವರ್ ಎಂದೂ ಹೆಸರು. ಎರಡರ ಗುಣಾವಗುಣಗಳನ್ನು ಕುರಿತು ಅಂಗಡಿಯವರು ಗಂಟೆಗಟ್ಟಲೆ ಮಾತನಾಡುತ್ತಾರೆ. ನಡುವಣ ದಾರಿಯನ್ನು ಕುರಿತು ಮಾತನಾಡುವವರು ಕಡಮೆ. ನಮ್ಮ ಅಭಿಪ್ರಾಯದಲ್ಲಿ ನಕಲು ಕೆಡುವುದು ಬಹುಮಟ್ಟಿಗೆ ಆ ದಾರಿಯಲ್ಲಿಯೇ. ಅದಕ್ಕಿಂತ ಕೆಟ್ಟದ್ದು, ಕೆಟ್ಟಿತೆಂಬ ಸುದ್ದಿ ಯಾರಿಗೂ ಮುಟ್ಟದಿರುವುದು.

ಮಗ್ಗವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಹೊಕ್ಕಿನ ನೂಲು ಕಡಿದರೆ ವೆಫ್ಟ್ ಫೋರ್ಕ್ ಎಂಬ ಕವಲುಕಡ್ಡಿ ಅದನ್ನು ಕಂಡುಕೊಂಡು ಮಗ್ಗವನ್ನು ನಿಲ್ಲಿಸುತ್ತದೆ. ಸದ್ದು ನಿಲ್ಲುತ್ತದೆ, ಆಳು ಓಡಿಬರುತ್ತಾನೆ. ಹಾಸಿನ ಎಳೆ ಕಡಿದರೆ ಹಾಗಲ್ಲ. ಎಳೆಗೊಂದರಂತೆ ಲೋಹದ ಪಟ್ಟಿಗಳನ್ನು ತೂಗುಹಾಕಿದ ಮಗ್ಗವಾದರೆ ಪಟ್ಟಿ ಬಿದ್ದು ಮಗ್ಗ ನಿಲ್ಲುತ್ತದೆ. ಆ ಏರ್ಪಾಡಿಲ್ಲದ ಸಾದಾ ಮಗ್ಗ ತನ್ನ ಪಾಡಿಗೆ ಓಡುತ್ತಲೇ ಇದ್ದು, ಬಟ್ಟೆಯ ಉದ್ದಕ್ಕೂ ಒಂದು ಗೆರೆ ಬಿಟ್ಟುಕೊಂಡು ಹೋಗುತ್ತದೆ. ಅದು ಗೊತ್ತಾಗುವುದು ಬಟ್ಟೆಯನ್ನು ಮಡಿಸುವಾಗ, ಕೂಲಿ ಕಡಿತವಾದಾಗ. ಜಾಲದ ದಾರಿ ಕಡಿದಾಗ ನಕಲಿನ ತಂತ್ರಾಂಶ ಈ ಎರಡನೆಯ ಮಗ್ಗದಂತೆ ವರ್ತಿಸುವುದೇ ಹೆಚ್ಚು.

ಇದು ಸಣ್ಣವರಿಗೆ ಮಾತ್ರ ಬರುವ ಕಷ್ಟವೆಂದು ಯಾರೂ ಭಾವಿಸಬೇಕಾಗಿಲ್ಲ. ಜಗತ್ತಿನ ತಂತ್ರಾಂಶ ರಚಕರ ಕೆಲಸವನ್ನೇ ಸಂಗ್ರಹಿಸಿಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ನೌಕರರು ಪ್ರಮಾದದಿಂದ ಮುಖ್ಯ ದತ್ತಾಂಶವನ್ನೇ ಅಳಿಸಿಬಿಟ್ಟರು. ದೂರದಲ್ಲಿ ನಕಲಿದೆಯಲ್ಲ ಎಂದು ಹುಡುಕಿದರೆ ಅದನ್ನಿಡುವ ಜಾಗ ಬರಿದಾಗಿತ್ತು. ನಕಲು ಮಾಡುವ ಕಾರ್ಯ ಎಷ್ಟೋ ಕಾಲದಿಂದ ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ತಿಳಿಸುವ ಅಂಚೆಯನ್ನು ಪಡೆಯುವ ಕಡೆಯ ಸರ್ವರ್ ತಿರಸ್ಕರಿಸುತ್ತಿತ್ತು. ಅದೃಷ್ಟವಶಾತ್ ಸುಮಾರು ಆರು ಗಂಟೆ ಹಿಂದೆ ಬೇರಾವುದೋ ಉದ್ದೇಶಕ್ಕೆ ತೆಗೆದಿದ್ದ ಪ್ರತಿಯೊಂದು ಉಳಿದಿದ್ದರಿಂದ ಸಂಸ್ಥೆ ಬದುಕಿತು. ಆ ಆರು ಗಂಟೆಗಳ ದತ್ತಾಂಶ ಮಾತ್ರ ಹೋಯಿತು. ಇದನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರೆಂಬುದು ಅವರ ಹಿರಿಮೆ.

ಈಗ ದಾರಿಯ ವಿಚಾರ. ಪಲ್ಲಡದ ಬಳಿಯ ಹಳ್ಳಿಯೊಂದರಲ್ಲಿ ಹನ್ನೆರಡು ಮಗ್ಗಗಳಿರುವ ಕುಟುಂಬವೊಂದನ್ನು ಕಲ್ಪಿಸಿಕೊಳ್ಳೋಣ. ಲೆಕ್ಕ, ಬಿಲ್ಲುಗಳ ಚಿತ್ರಗಳು, ಬಟ್ಟೆಯ ವಿನ್ಯಾಸಗಳು ಎಲ್ಲ ಸೇರಿ 40 ಗಿಗಾಬೈಟ್ ಇದೆಯೆನ್ನಿ. ಹೊರಗೆ ಕಳುಹಿಸುವ ವೇಗ ಕ್ಷಣಕ್ಕೆ 10 ಮೆಗಾಬಿಟ್. ಲೆಕ್ಕ ಹಾಕಿದರೆ ಮೊದಲ ಪೂರ್ಣ ನಕಲು ಹೋಗಲು ಒಂಬತ್ತು ಗಂಟೆಗೆ ಸ್ವಲ್ಪ ಕಡಮೆ ಕಾಲ ಬೇಕು. ರಾತ್ರಿ ಒಂಬತ್ತಕ್ಕೆ ಆರಂಭಿಸಿದರೆ ಬೆಳಗಿನ ಆರು. ಐದು ಗಂಟೆಗೆ ಸಂಪರ್ಕ ಒಂದು ನಿಮಿಷ ಹೋಗಿ ಬಂದರೆ ಏನಾಗುತ್ತದೆ? ತಂತ್ರಾಂಶ ತಕ್ಕದ್ದಲ್ಲವಾದರೆ ಮರುರಾತ್ರಿ ಮೊದಲಿನಿಂದ ಆರಂಭ. ಮರುರಾತ್ರಿಯೂ ಹಾಗೆಯೇ ಆದರೆ ಆ ಮನೆಯ ನಕಲು ಎಂದೆಂದಿಗೂ ಮುಗಿಯದು. ಆದರೂ ಪರದೆಯ ಮೂಲೆಯಲ್ಲಿ ಚಿಹ್ನೆ ತಿರುಗುತ್ತಿರುತ್ತದೆ, ಕೆಲಸ ನಡೆಯುತ್ತಿದೆಯೆಂದು ಮನೆಯವರು ನೆಮ್ಮದಿಯಿಂದಿರುತ್ತಾರೆ.

ಎಳೆ ಕಡಿದರೆ ನೇಕಾರ ನೇಯ್ದ ಬಟ್ಟೆಯನ್ನೆಲ್ಲ ಬಿಚ್ಚುವುದಿಲ್ಲ. ಗಂಟು ಹಾಕಿ ಅಲ್ಲಿಂದಲೇ ಮುಂದುವರಿಸುತ್ತಾನೆ. ಆದ್ದರಿಂದ ಕ್ಲೈಂಟನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಕಡಿದ ಕಡೆಯಿಂದ ಇದು ಮುಂದುವರಿಯಬಲ್ಲುದೇ ಎಂಬುದು. 1996ರಲ್ಲಿ ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಎಂಬವರು ಹೊರತಂದ ಆರ್‌ಸಿಂಕ್ ಎಂಬ ತಂತ್ರಾಂಶ, ಎರಡೂ ಕಡೆಯ ಕಡತಗಳನ್ನು ತುಂಡುತುಂಡಾಗಿ ಹೋಲಿಸಿ ಬದಲಾದ ಭಾಗವನ್ನಷ್ಟೇ ಕಳುಹಿಸುವ ಉಪಾಯವನ್ನು ಪ್ರಸಿದ್ಧಿಗೆ ತಂದಿತು. ಅರ್ಧ ಹೋದ ಕಡತವನ್ನು ಎಸೆಯದೆ ಇಟ್ಟುಕೊಳ್ಳುವಂತೆ ಅದಕ್ಕೆ ಹೇಳಬಹುದು; ಹೇಳದಿದ್ದರೆ ಎಸೆಯುತ್ತದೆ! ರೆಸ್ಟಿಕ್ ಎಂಬ ಮತ್ತೊಂದು ಮುಕ್ತ ತಂತ್ರಾಂಶವಾದರೋ ದತ್ತಾಂಶವನ್ನು ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿಗೂ ಗುರುತು ಕೊಡುವುದರಿಂದ, ಎರಡನೆಯ ಸಲ ಓಡಿಸಿದಾಗ ಈಗಾಗಲೇ ಭದ್ರವಾಗಿ ತಲುಪಿದ ತುಂಡುಗಳನ್ನು ಬಿಟ್ಟು ಉಳಿದುದನ್ನು ಕಳುಹಿಸುತ್ತದೆ. ದೊಡ್ಡ ಕಚೇರಿಗಳು ಬಳಸುವ ನೆಟ್‌ಬ್ಯಾಕಪ್ಪಿನಲ್ಲಿ ಇದಕ್ಕೆಂದೇ ರೆಸಿಲಿಯೆಂಟ್ ನೆಟ್‌ವರ್ಕ್ ಎಂಬ ಏರ್ಪಾಡಿದೆ. ದೂರದ ಕ್ಲೈಂಟಿನ ಹೆಸರನ್ನೋ ವಿಳಾಸವನ್ನೋ ಪಟ್ಟಿಗೆ ಸೇರಿಸಿದರೆ, ತಂತ್ರಾಂಶ ಆ ಸಂಪರ್ಕವನ್ನು ಕಾಯುತ್ತಾ, ಕಡಿದರೆ ತಾನೇ ಮತ್ತೆ ಕಟ್ಟಿ, ಎರಡೂ ತುದಿಗಳನ್ನು ಹೊಂದಿಸಿ ಹರಿವನ್ನು ಮುಂದುವರಿಸುತ್ತದೆ. ಹೀಗೆ ಕಾಯುವುದಕ್ಕೆ ಯಂತ್ರದ ಶಕ್ತಿ ಹೆಚ್ಚು ವ್ಯಯವಾಗುವುದರಿಂದ ಪಕ್ಕದ ಕೋಣೆಯ ಗಣಕಕ್ಕೆಲ್ಲ ಅದನ್ನು ಹಚ್ಚುವುದು ದಂಡ.

ಪೂರ್ಣ ನಕಲು ಒಮ್ಮೆ ಹೋದ ಮೇಲೆ ದಿನದ ಕೆಲಸ ಹಗುರ. ದಿನಕ್ಕೆ 500 ಮೆಗಾಬೈಟ್ ಬದಲಾದರೂ ಅದೇ ದಾರಿಯಲ್ಲಿ ಏಳು ನಿಮಿಷ ಸಾಕು. ಮೊದಲ ನಕಲನ್ನು ಒಂದು ಡಿಸ್ಕಿಗೆ ಹಾಕಿಕೊಂಡು ಬಸ್ಸಿನಲ್ಲಿ ಕೊಯಮತ್ತೂರಿಗೆ ಒಯ್ದು ಕೊಡುವುದು ಅಗೌರವವೇನಲ್ಲ; ಎಷ್ಟೋ ವೇಳೆ ಅದೇ ವೇಗದ ದಾರಿ.

ಕಡಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಯತ್ನಿಸಬೇಕು? ಒಂದೇ ಸಲ ಯತ್ನಿಸಿ ಕೈಬಿಡುವುದು ತಪ್ಪು; ಕ್ಷಣಕ್ಷಣವೂ ಬಾಗಿಲು ಬಡಿಯುತ್ತಿರುವುದೂ ತಪ್ಪು. ಹವಾಯಿ ದ್ವೀಪಗಳಲ್ಲಿ 1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ರೇಡಿಯೋ ಮೂಲಕ ಗಣಕಗಳನ್ನು ಜೋಡಿಸಿದಾಗ, ಇಬ್ಬರು ಒಟ್ಟಿಗೆ ಮಾತಾಡಿ ಮಾತು ಕೆಟ್ಟರೆ ಇಬ್ಬರೂ ಮನಬಂದಷ್ಟು ಹೊತ್ತು ಕಾದು ಮತ್ತೆ ಯತ್ನಿಸುವ ಕ್ರಮವನ್ನಿಟ್ಟರು. ಅದರಿಂದ ಪ್ರೇರಿತರಾದ ರಾಬರ್ಟ್ ಮೆಟ್ಕಾಫ್ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ಈಥರ್ನೆಟ್ಟನ್ನು ರೂಪಿಸಿದಾಗ, ಸೋತಷ್ಟೂ ಕಾಯುವ ಅವಧಿಯನ್ನು ಇಮ್ಮಡಿಸುವ ಕ್ರಮ ನೆಲೆಗೊಂಡಿತು. ಇಂದಿನ ಒಳ್ಳೆಯ ಕ್ಲೈಂಟುಗಳೂ ಹಾಗೆಯೇ: 10 ಕ್ಷಣ, 20, 40, 80 ಎಂದು ಬೆಳೆಯುತ್ತಾ ಹದಿನೈದು ನಿಮಿಷಕ್ಕೆ ನಿಲ್ಲುವಂತೆ, ಪ್ರತಿ ಸಲವೂ ತುಸು ಹೆಚ್ಚುಕಡಮೆ ಇರುವಂತೆ ಅವುಗಳನ್ನು ಹೊಂದಿಸಬಹುದು. ಬೀದಿಗೆಲ್ಲ ಒಟ್ಟಿಗೆ ವಿದ್ಯುತ್ ಬಂದಾಗ ಎಲ್ಲ ಮನೆಗಳ ಕ್ಲೈಂಟುಗಳೂ ಒಂದೇ ಕ್ಷಣಕ್ಕೆ ನುಗ್ಗಿದರೆ ಸರ್ವರಿಗೆ ಉಸಿರು ಕಟ್ಟುತ್ತದಷ್ಟೆ. ಬ್ಯಾಕುಲಾ ಎಂಬ ತಂತ್ರಾಂಶವನ್ನು ಬಳಸುವವರು ಅದರ ರೀಷೆಡ್ಯೂಲ್ ಆನ್ ಎರರ್, ರೀಷೆಡ್ಯೂಲ್ ಇಂಟರ್ವಲ್, ರೀಷೆಡ್ಯೂಲ್ ಟೈಮ್ಸ್ ಎಂಬ ಮೂರು ಸಾಲುಗಳನ್ನು ನೋಡಿಕೊಳ್ಳಬೇಕು. ಸೋತ ಕಾರ್ಯವನ್ನು ಮತ್ತೆ ಹೂಡಬೇಕೇ, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂಬುದನ್ನು ಅವು ಹೇಳುತ್ತವೆ.

ಇನ್ನೊಂದು ಮೌನದ ತೊಂದರೆಯಿದೆ; ಇದನ್ನು ತಿಳಿಯದೆ ಎಷ್ಟೋ ರಾತ್ರಿಗಳು ವ್ಯರ್ಥವಾಗುತ್ತವೆ. ಕ್ಲೈಂಟು ಮತ್ತು ಸರ್ವರುಗಳ ನಡುವಣ ಟಿಸಿಪಿ ಸಂಪರ್ಕವೆಂಬುದು ತಂತಿಯಲ್ಲ, ಒಂದು ಒಪ್ಪಂದ. ನಡುವಿನ ದಾರಿ ಹೋದರೂ, ಏನನ್ನೂ ಕಳುಹಿಸದೆ ಕಾಯುತ್ತ ಕುಳಿತಿರುವ ಪಕ್ಷಕ್ಕೆ ಅದರ ಸುಳಿವೇ ಸಿಗದು. ಲಿನಕ್ಸ್ ಯಂತ್ರಗಳಲ್ಲಿ, ಬೇರೆ ಹೇಳದಿದ್ದರೆ, ಎದುರಿಗಿರುವವನು ಜೀವಂತನೇ ಎಂದು ತಟ್ಟಿ ನೋಡುವುದು 7200 ಕ್ಷಣಗಳ ಮೌನದ ನಂತರ, ಅಂದರೆ ಎರಡು ಗಂಟೆಯ ಮೇಲೆ. ಅದೂ ತಂತ್ರಾಂಶ ಹಾಗೆ ತಟ್ಟುವಂತೆ ಕೇಳಿಕೊಂಡಿದ್ದರೆ ಮಾತ್ರ. ಇದರ ವಿರುದ್ಧ ತುದಿಯ ತೊಂದರೆಯೂ ಉಂಟು. ನಡುವಿನ ಎಷ್ಟೋ ಚಿಕ್ಕ ರೂಟರುಗಳು ಕೆಲವು ನಿಮಿಷ ಮಾತಿಲ್ಲದಿದ್ದರೆ ಸಂಪರ್ಕವನ್ನೇ ಮರೆತುಬಿಡುತ್ತವೆ. ಕ್ಲೈಂಟು ದೊಡ್ಡದೊಂದು ಕಡತವನ್ನು ಓದುತ್ತಾ ಹತ್ತು ನಿಮಿಷ ಸುಮ್ಮನಿದ್ದರೆ ಇಷ್ಟಕ್ಕೇ ಕಾರ್ಯ ಕೆಡುತ್ತದೆ. ಎರಡಕ್ಕೂ ಮದ್ದು ಒಂದೇ. ನಿಮಿಷಕ್ಕೊಮ್ಮೆ ಇದ್ದೇನೆ ಎಂದು ಹೇಳುವ ಚಿಕ್ಕ ಸಂದೇಶವನ್ನು ಕಳುಹಿಸುವಂತೆ ಕ್ಲೈಂಟನ್ನು ಹೊಂದಿಸಬೇಕು. ಬ್ಯಾಕುಲಾದಲ್ಲಿ ಇದರ ಹೆಸರು ಹಾರ್ಟ್‌ಬೀಟ್ ಇಂಟರ್ವಲ್. ಬೇರೆಯವುಗಳಲ್ಲಿ ಕೀಪ್‌ಅಲೈವ್ ಎಂದಿರುತ್ತದೆ. ನಮಗೆ ತೋರುವಂತೆ ಇಡೀ ಹೊಂದಾಣಿಕೆಯಲ್ಲಿ ಅತ್ಯಲ್ಪ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಸಾಲು ಇದೊಂದೇ.

ಇಷ್ಟೆಲ್ಲ ಮಾಡಿದರೂ ದಾರಿಯೊಂದೇ ಆಗಿದ್ದರೆ ಅದು ಮುಚ್ಚಿದ ದಿನ ಮಾಡುವುದೇನು? ಎರಡನೆಯ ದಾರಿ ಬೇಕು. ಇಲ್ಲಿ ಎಚ್ಚರಿಕೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಸಮುದ್ರದಡಿಯ ಎರಡು ಕೇಬಲುಗಳು ಕೆಲವೇ ಗಂಟೆಗಳ ಅಂತರದಲ್ಲಿ ತುಂಡಾದಾಗ ಭಾರತದ ಹೊರಸಂಪರ್ಕದ ಸುಮಾರು ಅರ್ಧ ಭಾಗ ನಿಂತುಹೋಯಿತು. ಕೇಬಲುಗಳು ಎರಡು, ಒಡೆಯರು ಬೇರೆ ಬೇರೆ. ಆದರೆ ಹಾಯ್ದುಹೋಗುವ ದಾರಿ ಒಂದೇ ಇಕ್ಕಟ್ಟಿನದು. ನಮ್ಮ ಬೀದಿಗಳಲ್ಲಿಯೂ ಹೀಗೆಯೇ. ಎರಡು ಸಂಸ್ಥೆಗಳಿಂದ ಎರಡು ಫೈಬರ್ ತೆಗೆದುಕೊಂಡವರು ತಲೆಯೆತ್ತಿ ನೋಡಬೇಕು. ಎರಡೂ ಒಂದೇ ಕಂಬದ ಮೇಲೆ ತೂಗಾಡುತ್ತಿದ್ದರೆ, ನೂಲಿನ ಮೂಟೆ ಹೇರಿದ ಎತ್ತರದ ಲಾರಿಯೊಂದು ಎರಡನ್ನೂ ಒಟ್ಟಿಗೆ ಎಳೆದುಕೊಂಡು ಹೋಗುತ್ತದೆ. ಅಮೆರಿಕದ ಪಾಲ್ ಬರನ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಲದ ಪ್ರತಿ ಗಂಟಿಗೂ ಮೂರು ನಾಲ್ಕು ಕೊಂಡಿಗಳಿದ್ದರೆ ಭಾರೀ ಹಾನಿಯನ್ನೂ ತಾಳಿಕೊಳ್ಳಬಹುದೆಂದು ತೋರಿಸಿದ್ದರು. ಮಗ್ಗದ ಮನೆಗೆ ಮೂರು ನಾಲ್ಕು ಬೇಡ, ಎರಡು ಸಾಕು. ಆದರೆ ಒಂದು ನೆಲದ್ದಾದರೆ ಇನ್ನೊಂದು ಗಾಳಿಯದಾಗಿರಲಿ. ಒಂದು ಫೈಬರ್, ಇನ್ನೊಂದು ಬೇರೆ ಸಂಸ್ಥೆಯ ಮೊಬೈಲು ಸಿಮ್ಮು.

ಎರಡನ್ನೂ ಹಿಡಿದುಕೊಂಡು, ಒಂದು ಹೋದಾಗ ಇನ್ನೊಂದಕ್ಕೆ ಹೊರಳುವ ರೂಟರುಗಳು ದೊರೆಯುತ್ತವೆ. ಅದನ್ನು ಹಾಕುವವರು ಸಾಮಾನ್ಯವಾಗಿ ಮರೆಯುವುದು ಒಂದು. ದಾರಿ ತೆರೆದಿದೆಯೇ ಎಂದು ರೂಟರು ನೋಡುವುದು ಎಲ್ಲಿಯವರೆಗೆ? ಮನೆಯ ಮೋಡೆಮ್ಮಿನವರೆಗೆ ಮಾತ್ರವಾದರೆ ಪ್ರಯೋಜನವಿಲ್ಲ. ಮೋಡೆಮ್ಮಿನಲ್ಲಿ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಆಚೆಯ ಹಾದಿಯಲ್ಲಿ ಕೇಬಲು ತುಂಡಾಗಿರುತ್ತದೆ. 8.8.8.8, 1.1.1.1ರಂಥ ಹೊರಗಿನ ಎರಡು ವಿಳಾಸಗಳನ್ನು ಹತ್ತು ಕ್ಷಣಕ್ಕೊಮ್ಮೆ ತಟ್ಟಿ ನೋಡುವಂತೆ, ಎರಡೂ ಮೂರು ಬಾರಿ ಉತ್ತರಿಸದಿದ್ದರೆ ಹೊರಳುವಂತೆ ಮಾಡಬೇಕು. ಮರಳುವಾಗ ಅವಸರ ಬೇಡ. ಮೊದಲಿನ ದಾರಿ ಐದಾರು ನಿಮಿಷ ಸ್ಥಿರವಾಗಿ ನಿಂತ ಮೇಲೆ ಮರಳಲಿ. ಇಲ್ಲದಿದ್ದರೆ ಬಂದು ಹೋಗುವ ಸಂಪರ್ಕದೊಡನೆ ರೂಟರೂ ಲಾಳಿಯಂತೆ ಅತ್ತಿಂದಿತ್ತ ಓಡುತ್ತಿರುತ್ತದೆ.

ಎರಡು ದಾರಿಗಳಿದ್ದ ಮಾತ್ರಕ್ಕೆ ನಡೆಯುತ್ತಿರುವ ನಕಲು ಉಳಿಯುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಟಿಸಿಪಿ ಸಂಪರ್ಕವನ್ನು ಗುರುತಿಸುವುದು ಎರಡು ತುದಿಗಳ ವಿಳಾಸ ಮತ್ತು ದ್ವಾರಸಂಖ್ಯೆಗಳಿಂದ. ಫೈಬರಿನಿಂದ ಸಿಮ್ಮಿಗೆ ಹೊರಳಿದೊಡನೆ ಹೊರಗೆ ಕಾಣುವ ನಮ್ಮ ವಿಳಾಸ ಬದಲಾಗುತ್ತದೆ. ಸರ್ವರಿಗೆ ನಾವು ಅಪರಿಚಿತರಾಗುತ್ತೇವೆ, ಹಳೆಯ ಸಂಪರ್ಕ ಸಾಯುತ್ತದೆ. ವಿಳಾಸ ಬದಲಾದರೂ ಸಂಪರ್ಕ ಉಳಿಯುವಂತೆ 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಎಂಬ ಹೊಸ ಕ್ರಮದಲ್ಲಿ ಅವಕಾಶವಿದೆಯಾದರೂ ಎಲ್ಲ ನಕಲು ತಂತ್ರಾಂಶಗಳೂ ಅದನ್ನು ಬಳಸುವುದಿಲ್ಲ. ಆದ್ದರಿಂದ ರೂಟರಿನ ಕೆಲಸ ದಾರಿ ಹುಡುಕುವುದು, ಗಂಟು ಹಾಕುವುದು ಕ್ಲೈಂಟಿನದೇ. ರೂಟರನ್ನು ಕೊಂಡು ಕ್ಲೈಂಟನ್ನು ಹೊಂದಿಸದವರು ಅರ್ಧ ಹಣವನ್ನು ನೀರಿಗೆ ಹಾಕಿದಂತೆ. ಸರ್ವರಿನ ಕಡೆ ಗೊತ್ತಾದ ಒಂದೇ ವಿಳಾಸದಿಂದ ಬರುವವರನ್ನು ಮಾತ್ರ ಒಳಬಿಡುವ ಕಾವಲಿದ್ದರೆ ಸಿಮ್ಮಿನಿಂದ ಬಂದ ನಮ್ಮನ್ನು ಬಾಗಿಲಲ್ಲೇ ತಡೆಯುತ್ತಾರೆ. ವಿಳಾಸವನ್ನಲ್ಲದೆ ಕೀಲಿಯನ್ನು ನೋಡಿ ಒಳಬಿಡುವಂತಿರಬೇಕು. ಕ್ಲೈಂಟಿನಲ್ಲಿಯೂ ಸರ್ವರಿನ ಅಂಕಿಯ ವಿಳಾಸವನ್ನು ಬರೆಯದೆ ಹೆಸರನ್ನು ಬರೆದಿದ್ದರೆ, ಅವರು ಯಂತ್ರ ಬದಲಾಯಿಸಿದ ದಿನ ನಮ್ಮ ನಕಲು ನಿಲ್ಲುವುದಿಲ್ಲ.

ಸಿಮ್ಮಿನ ದಾರಿಯಲ್ಲಿ ದಿನಕ್ಕಿಷ್ಟೇ ಎಂಬ ಮಿತಿಯಿರುವುದರಿಂದ ಅಲ್ಲಿ ಲೆಕ್ಕದ ಕಡತವಷ್ಟೇ ಹೋಗಲಿ, ಚಿತ್ರ ವಿನ್ಯಾಸಗಳು ಫೈಬರಿಗಾಗಿ ಕಾಯಲಿ. ಹಗಲಿನಲ್ಲಿ ನಕಲು ನಡೆಯುವುದಾದರೆ ಅದರ ವೇಗಕ್ಕೆ ಕಡಿವಾಣವಿರಲಿ. ಇಲ್ಲದಿದ್ದರೆ ಸರಕು ಸಾಗಣೆಯ ಇ-ವೇ ಬಿಲ್ಲು ತೆಗೆಯಲು ಕುಳಿತ ಹುಡುಗ ಗಣಕವನ್ನು ಶಪಿಸುತ್ತಾ ನಕಲನ್ನೇ ನಿಲ್ಲಿಸಿಬಿಡುತ್ತಾನೆ, ಮತ್ತೆ ಆರಂಭಿಸಲು ಮರೆಯುತ್ತಾನೆ.

ವಿದ್ಯುತ್ತಿನ ಮಾತು. 2012ರ ಸುಮಾರಿನಲ್ಲಿ ತಮಿಳುನಾಡಿನ ಜಿಲ್ಲೆಗಳಲ್ಲಿ ದಿನದ ಬಹುಭಾಗ ಕತ್ತಲೆಯಾಗಿದ್ದ ಕಾಲವನ್ನು ಮಗ್ಗದವರು ಮರೆತಿರಲಾರರು. ಆ ಸ್ಥಿತಿ ಕಳೆಯಿತಾದರೂ ಉಪಕೇಂದ್ರದ ನಿರ್ವಹಣೆಗೆಂದು ಮುಂಚಿತವಾಗಿ ಪ್ರಕಟಿಸಿ ಹಗಲೆಲ್ಲ ನಿಲ್ಲಿಸುವುದು ಈಗಲೂ ಉಂಟು. ಗಣಕಕ್ಕೆ ಯುಪಿಎಸ್ ಕೊಂಡವರಲ್ಲಿ ಅನೇಕರು ಮೋಡೆಮ್ಮನ್ನು ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಿರುತ್ತಾರೆ. ಗಣಕ ಎಚ್ಚರವಾಗಿರುತ್ತದೆ, ಬಾಯಿ ಮಾತ್ರ ಮುಚ್ಚಿರುತ್ತದೆ. ಮೋಡೆಮ್ಮಿಗೂ ರೂಟರಿಗೂ ಹೊಂದುವ ಚಿಕ್ಕ ಬ್ಯಾಟರಿ ಪೆಟ್ಟಿಗೆಗಳು ಸಿಗುತ್ತವೆ. ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದುದು ಅದನ್ನೇ.

ಇನ್ನು ಸುದ್ದಿಯ ವಿಚಾರ. ನಕಲು ಕೆಟ್ಟಾಗ ತಿಳಿಸು ಎಂದು ಕ್ಲೈಂಟಿಗೆ ಹೇಳಿಟ್ಟರೆ ಸಾಲದು. ದಾರಿಯೇ ಮುಚ್ಚಿದಾಗ ಆ ದೂರು ಹೊರಡುವುದು ಯಾವ ದಾರಿಯಿಂದ? ಗಣಕವೇ ಆರಿಹೋಗಿದ್ದರೆ ಹೇಳುವವರಾರು? ಆದ್ದರಿಂದ ಕಾವಲು ಆಚೆಯ ತುದಿಯಲ್ಲಿರಬೇಕು. ಈ ಮನೆಯಿಂದ 36 ಗಂಟೆ ಹೊಸ ನಕಲು ಬರದಿದ್ದರೆ ಮನೆಯವರ ಮೊಬೈಲಿಗೆ ತಿಳಿಸಬೇಕೆಂದು ಸರ್ವರಿಗೆ ಹೇಳಿಡಬೇಕು. ಅಲ್ಲಿ ಬರದಿರುವುದೇ ಸುದ್ದಿ. ಆ ಸಂದೇಶ ಇಬ್ಬರಿಗೆ ಹೋಗಲಿ. ಒಬ್ಬರು ಊರಿನ ಲೆಕ್ಕ ನೋಡುವವರು, ಇನ್ನೊಬ್ಬರು ಬೆಂಗಳೂರಿನಲ್ಲೋ ಹೊಸೂರಿನಲ್ಲೋ ಕೆಲಸದಲ್ಲಿರುವ ಮಗನೋ ಮಗಳೋ. ಊರಿನವರು ಸಂದೇಶವನ್ನು ಗಮನಿಸದಿದ್ದರೂ, ಏನಪ್ಪಾ, ಮೂರು ದಿನದಿಂದ ಲೆಕ್ಕ ಬಂದಿಲ್ಲವಂತಲ್ಲ ಎಂದು ದೂರದವರು ಫೋನು ಮಾಡುತ್ತಾರೆ.

ಬಂದುದು ಸರಿಯಾಗಿ ಬಂದಿದೆಯೇ ಎಂಬುದನ್ನು ಹಿಂದಕ್ಕೆ ತರಿಸಿ ನೋಡಿಯೇ ತಿಳಿಯಬೇಕು. ನೇಕಾರರ ಹಲವು ಮನೆಗಳಲ್ಲಿ ಅಮಾವಾಸ್ಯೆಯ ದಿನ ಮಗ್ಗಕ್ಕೆ ಬಿಡುವು. ಆ ದಿನ ಅರ್ಧ ಗಂಟೆ ಇದಕ್ಕೆ ಸಾಕು. ಎರಡು ವರ್ಷ ಹಿಂದಿನ ಯಾವುದಾದರೊಂದು ಬಿಲ್ಲನ್ನು ಸರ್ವರಿನಿಂದ ಬೇರೊಂದು ಗಣಕಕ್ಕೆ ತರಿಸಿ, ತೆರೆದು, ಮೊತ್ತವನ್ನು ಕಾಗದದ ಪ್ರತಿಯೊಡನೆ ಹೋಲಿಸಬೇಕು. ಅದೇ ದಿನ ಫೈಬರಿನ ತಂತಿಯನ್ನು ಕೈಯಾರೆ ಕಿತ್ತು, ಸಿಮ್ಮಿನ ದಾರಿಗೆ ಹೊರಳುವುದೇ, ನಿಂತ ನಕಲು ಮುಂದುವರಿಯುವುದೇ ಎಂದೂ ನೋಡಬಹುದು.

ಲೆಕ್ಕ ಪರರ ಯಂತ್ರದಲ್ಲಿ ಕುಳಿತಿರುವುದರಿಂದ ಗೂಢಲಿಪಿಯಲ್ಲಿ ಹೋಗಬೇಕೆಂಬುದು ಸರಿಯೇ. ಆದರೆ ಅದರ ಸಂಕೇತಪದ ಮನೆಯ ಒಬ್ಬ ಮಗನ ನೆನಪಿನಲ್ಲಿ ಮಾತ್ರವಿದ್ದು ಅವನಿಗೇನಾದರೂ ಆದರೆ, ತಂತ್ರಾಂಶದ ತಯಾರಕರೂ ಆ ಬೀಗವನ್ನು ತೆಗೆಯಲಾರರು. ಕಾಗದದ ಮೇಲೆ ಸ್ಪಷ್ಟವಾಗಿ ಬರೆದು, ಒಂದು ಪ್ರತಿಯನ್ನು ಬೀರುವಿನಲ್ಲಿ ಮನೆಪತ್ರಗಳ ಜೊತೆಗೂ ಇನ್ನೊಂದನ್ನು ಬೇರೆ ಊರಿನ ನಂಬಿಕೆಯ ನೆಂಟರ ಮನೆಯಲ್ಲೂ ಇಡಬೇಕು. ಇಟ್ಟ ಜಾಗವನ್ನು ಅಮ್ಮನಿಗೂ ಸೊಸೆಗೂ ಹೇಳಿರಬೇಕು.